ಅಸಲು ಉಳಿಸಿಕೊಳ್ಳುವ ಲೆಕ್ಕ: ಕ್ರಿಪ್ಟೊ ವಹಿವಾಟಿನಲ್ಲಿ ಅಪಾಯ ಎಲ್ಲಿದೆ?

2025ರ ಅಕ್ಟೋಬರ್ 10, ಶುಕ್ರವಾರ. ಅಮೆರಿಕದ ಷೇರುಪೇಟೆ ಆ ವಾರದ ವಹಿವಾಟು ಮುಗಿಸಿ ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಚೀನಾದ ಸರಕಿನ ಮೇಲೆ ಶೇ 100ರಷ್ಟು ಹೆಚ್ಚುವರಿ ಸುಂಕ ಹೇರುವುದಾಗಿ ಪ್ರಕಟಿಸಿದರು. ಭಾರತದಲ್ಲಿ ಆಗ ಶನಿವಾರದ ನಸುಕು. ನ್ಯೂಯಾರ್ಕ್, ಲಂಡನ್, ಮುಂಬೈ ಎಲ್ಲ ಕಡೆ ಷೇರುಪೇಟೆಗೆ ಸೋಮವಾರದವರೆಗೆ ರಜೆ. ತೆರೆದಿದ್ದದ್ದು ಕ್ರಿಪ್ಟೊ ಪೇಟೆ. ದಿಗಿಲೆಲ್ಲ ಅಲ್ಲಿಗೇ ನುಗ್ಗಿತು. ಆ ದಿನ 1.22 ಲಕ್ಷ ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1.05 ಲಕ್ಷದ ಹತ್ತಿರಕ್ಕೆ ಜಾರಿತು. ಸಣ್ಣಪುಟ್ಟ ನಾಣ್ಯಗಳಲ್ಲಿ ಕೆಲವು ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡವು. ಇಪ್ಪತ್ತನಾಲ್ಕು ಗಂಟೆಯೊಳಗೆ 1,900 ಕೋಟಿ ಡಾಲರಿಗೂ ಮಿಕ್ಕಿದ ಸಾಲದ ವಹಿವಾಟು ಬಲವಂತವಾಗಿ ಚುಕ್ತಾ ಆಯಿತು. ಹೀಗೆ ಹೊರದೂಡಿಸಿಕೊಂಡವರ ಸಂಖ್ಯೆ 16 ಲಕ್ಷ ದಾಟಿತ್ತು.

ಶೇ 14ರ ಇಳಿಕೆ ಬಿಟ್‌ಕಾಯಿನ್‌ಗೆ ಹೊಸದೇನಲ್ಲ. ಸ್ವಂತ ದುಡ್ಡಿನಲ್ಲಿ ಕೊಂಡು ಸುಮ್ಮನಿದ್ದವರು ಬೆಳಿಗ್ಗೆ ಆ್ಯಪ್ ತೆರೆದಾಗ ಲೆಕ್ಕದಲ್ಲಿ ಒಂದಿಷ್ಟು ಕಡಿಮೆಯಾಗಿತ್ತು, ನಾಣ್ಯ ಮಾತ್ರ ಅವರ ಹೆಸರಿನಲ್ಲೇ ಇತ್ತು. ಒಂದು ಲಕ್ಷ ಕಟ್ಟಿ ಹತ್ತು ಲಕ್ಷದ ವ್ಯವಹಾರಕ್ಕೆ ಕೈಹಾಕಿದ್ದವರಿಗೆ ನೋಡಲು ಏನೂ ಉಳಿದಿರಲಿಲ್ಲ. ಇಬ್ಬರೂ ಬಿಟ್‌ಕಾಯಿನ್ ಏರುತ್ತದೆ ಎಂದೇ ನಂಬಿದ್ದವರು. ಒಬ್ಬರಿಗೆ ಪೆಟ್ಟು ಬಿತ್ತು, ಇನ್ನೊಬ್ಬರ ಆಟವೇ ಮುಗಿಯಿತು. ಈ ವ್ಯತ್ಯಾಸ ಹುಟ್ಟಿದ್ದು ಆ ರಾತ್ರಿಯಲ್ಲ. ಕೊಳ್ಳುವ ಗುಂಡಿ ಒತ್ತುವ ಮುಂಚೆಯೇ ಅದು ತೀರ್ಮಾನವಾಗಿತ್ತು. ಎಷ್ಟು ಹಾಕಿದ್ದು, ಯಾರ ಹಣ ಹಾಕಿದ್ದು, ಕೊಂಡದ್ದನ್ನು ಯಾರ ಕೈಯಲ್ಲಿ ಇಟ್ಟಿದ್ದು ಎಂಬ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರವೇ ಕ್ರಿಪ್ಟೊ ವಹಿವಾಟುದಾರನ ಭವಿಷ್ಯವನ್ನು ಬಹುಪಾಲು ನಿರ್ಧರಿಸುತ್ತದೆ. ಬೆಲೆ ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂಬ ಊಹೆಯ ಪಾತ್ರ, ಅದರ ಸುತ್ತ ನಡೆಯುವ ಗದ್ದಲಕ್ಕೆ ಹೋಲಿಸಿದರೆ, ಬಹಳ ಚಿಕ್ಕದು.

ಗದ್ದಲ ಮಾತ್ರ ಊಹೆಯ ಸುತ್ತಲೇ. ಟೆಲಿಗ್ರಾಂ ಗುಂಪುಗಳು, ಯೂಟ್ಯೂಬ್ ಚಾನೆಲ್‌ಗಳು, ಚಾರ್ಟಿನ ಮೇಲೆ ಗೆರೆ ಎಳೆದು ತೋರಿಸುವ ಕೋರ್ಸುಗಳು ಮಾರುವುದು ಮುಂದಿನ ಬೆಲೆಯನ್ನು. ಹಿಂದಿನ ಬೆಲೆಗಳನ್ನು ತಣ್ಣಗೆ ಕೂತು ನೋಡಿದರೆ ಸಿಗುವ ಪಾಠವೇ ಬೇರೆ. 2013ರ ಕೊನೆಯಲ್ಲಿ 1,100 ಡಾಲರ್ ದಾಟಿದ್ದ ಬಿಟ್‌ಕಾಯಿನ್ 2015ರ ಜನವರಿಯಲ್ಲಿ 200ಕ್ಕಿಂತ ಕೆಳಗಿತ್ತು. 2017ರ ಡಿಸೆಂಬರ್‌ನಲ್ಲಿ 20 ಸಾವಿರವನ್ನು ಮುಟ್ಟಿ ಬಂದದ್ದು ಮರುವರ್ಷ ಅದೇ ತಿಂಗಳು 3,200ಕ್ಕೆ ಬಂತು. 2021ರ ನವೆಂಬರ್‌ನ 69 ಸಾವಿರ 2022ರ ನವೆಂಬರ್‌ನಲ್ಲಿ 16 ಸಾವಿರಕ್ಕೂ ಕಡಿಮೆಯಾಯಿತು. ಹತ್ತು ವರ್ಷದೊಳಗೆ ಮೂರು ಸಲ ನಾಲ್ಕನೇ ಮೂರು ಭಾಗಕ್ಕಿಂತ ಹೆಚ್ಚು ಬೆಲೆ ಕರಗಿದೆ. ಇದು ಈ ಪೇಟೆಯ ಮಾಮೂಲು ಹವಾಮಾನ. ಇದನ್ನು ತಡೆದುಕೊಳ್ಳಲಾಗದ ಯಾವ ಯೋಜನೆಯೂ ಯೋಜನೆಯಲ್ಲ.

ನಷ್ಟದ ಗಣಿತ ಲಾಭದ ಗಣಿತದಷ್ಟು ದಯಾಳುವಲ್ಲ ಎಂಬುದು ಇಲ್ಲಿ ಮುಖ್ಯ. ಶೇ 10 ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಲು ಸುಮಾರು ಶೇ 11 ಗಳಿಸಿದರೆ ಸಾಕು. ಅರ್ಧ ಕಳೆದುಕೊಂಡವನು ಉಳಿದದ್ದನ್ನು ದುಪ್ಪಟ್ಟು ಮಾಡಬೇಕು. ಶೇ 84 ಕಳೆದುಕೊಂಡವನ ಕೈಯಲ್ಲಿ ಉಳಿದ ಹಣ ಆರು ಪಟ್ಟಿಗಿಂತ ಹೆಚ್ಚಾಗಬೇಕು. ಎಲ್ಲ ಕಳೆದುಕೊಂಡವನಿಗೆ ಲೆಕ್ಕವೇ ಇಲ್ಲ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಆದ್ದರಿಂದ ದೊಡ್ಡ ನಷ್ಟ ತಪ್ಪಿಸಿಕೊಳ್ಳುವುದಕ್ಕೂ ದೊಡ್ಡ ಲಾಭ ಹಿಡಿಯುವುದಕ್ಕೂ ಸಮಾನ ಬೆಲೆ ಕೊಡಲಾಗದು. ಮೊದಲನೆಯದರ ತೂಕ ಹೆಚ್ಚು.

ಇದಕ್ಕೆ ಒಂದು ಜನಪ್ರಿಯ ಆಕ್ಷೇಪವಿದೆ. ಪ್ರತಿ ಸಲ ಬಿದ್ದಾಗಲೂ ಬಿಟ್‌ಕಾಯಿನ್ ಎದ್ದಿದೆಯಲ್ಲ, ಮಾರದೆ ಹಿಡಿದುಕೊಂಡವರೇ ಗೆದ್ದಿದ್ದಾರಲ್ಲ ಎಂಬುದು. ಬಿಟ್‌ಕಾಯಿನ್ ಕಂಡ ಮೇಲಿನ ಮೂರು ಕುಸಿತಗಳ ಮಟ್ಟಿಗೆ ಮಾತು ನಿಜ. ಆದರೆ ಈ ಸಾಕ್ಷ್ಯವನ್ನು ಹೇಳುತ್ತಿರುವವರು ಉಳಿದುಕೊಂಡವರು ಮಾತ್ರ. 2022ರ ಏಪ್ರಿಲ್ ಆರಂಭದಲ್ಲಿ ಲೂನಾ ಎಂಬ ನಾಣ್ಯ ಸುಮಾರು 119 ಡಾಲರಿಗೆ ಏರಿತ್ತು. ಅದರ ಜೋಡಿ ನಾಣ್ಯ ಯುಎಸ್‌ಟಿ ಸದಾ ಒಂದು ಡಾಲರಿಗೆ ಸಮನಾಗಿ ಇರುತ್ತದೆ ಎಂಬ ವಾಗ್ದಾನವಿತ್ತು. ಯುಎಸ್‌ಟಿಯನ್ನು ಆ್ಯಂಕರ್ ಎಂಬ ವೇದಿಕೆಯಲ್ಲಿ ಇಟ್ಟರೆ ವರ್ಷಕ್ಕೆ ಶೇ 20ರ ಹತ್ತಿರ ಬಡ್ಡಿ. ಮೇ ತಿಂಗಳಲ್ಲಿ ಯುಎಸ್‌ಟಿ ಡಾಲರಿನ ಜೊತೆ ಕೊಂಡಿ ಕಳಚಿಕೊಂಡಿತು. ಅದನ್ನು ಎತ್ತಿಹಿಡಿಯಲು ಗಣಕ ನಿಯಮದಂತೆ ಲೂನಾವನ್ನು ಮುದ್ರಿಸುತ್ತಲೇ ಹೋದರು. ಸುಮಾರು 35 ಕೋಟಿಯಷ್ಟಿದ್ದ ಲೂನಾಗಳ ಸಂಖ್ಯೆ ಕೆಲವೇ ದಿನಗಳಲ್ಲಿ 6.5 ಲಕ್ಷ ಕೋಟಿಯಾಯಿತು, ಬೆಲೆ ಒಂದು ಸೆಂಟಿನ ಚೂರಿಗೆ ಇಳಿಯಿತು. 80 ಡಾಲರಿದ್ದದ್ದು 40ಕ್ಕೆ ಬಂದಾಗ ಅಗ್ಗವೆಂದು ಕೊಂಡವರಿದ್ದರು. 40ರಿಂದ 20ಕ್ಕೆ ಬಂದಾಗ ಇನ್ನಷ್ಟು ಕೊಂಡು ಸರಾಸರಿ ಇಳಿಸಿಕೊಂಡವರಿದ್ದರು. ಬಿಟ್‌ಕಾಯಿನ್‌ನಲ್ಲಿ ಕೈಹಿಡಿದಿದ್ದ ಅದೇ ತಾಳ್ಮೆ, ಅದೇ ಧೈರ್ಯ ಇಲ್ಲಿ ಮುಳುಗಿಸಿತು. ಬಡ್ಡಿಯ ಆಸೆಗೆ ಅಸಲೂ ಹೋಯಿತು. ಸುಮಾರು 4,000 ಕೋಟಿ ಡಾಲರ್ ಮೌಲ್ಯ ಒಂದು ವಾರದಲ್ಲಿ ಇಲ್ಲವಾಯಿತು. ಇದರ ಸೂತ್ರಧಾರ ಡೊ ಕ್ವಾನ್ 2025ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡ.

ಹಾಗಾದರೆ ಎಷ್ಟು ಹಾಕಬೇಕು? ಈ ಪ್ರಶ್ನೆಗೆ ಕ್ರಿಪ್ಟೊ ಹುಟ್ಟುವ ಅರ್ಧ ಶತಮಾನ ಮೊದಲೇ ಒಂದು ಉತ್ತರ ಸಿಕ್ಕಿತ್ತು. 1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ ಜಾನ್ ಕೆಲ್ಲಿ ಒಂದು ಸೂತ್ರ ಪ್ರಕಟಿಸಿದರು. ಗೆಲ್ಲುವ ಸಾಧ್ಯತೆ ಗೊತ್ತಿರುವ ಪಣವನ್ನು ಮತ್ತೆ ಮತ್ತೆ ಕಟ್ಟುವಾಗ, ದೀರ್ಘಕಾಲದಲ್ಲಿ ಗಂಟು ಅತ್ಯಂತ ವೇಗವಾಗಿ ಬೆಳೆಯಬೇಕಾದರೆ ಪ್ರತಿ ಸಲ ಅದರ ಎಷ್ಟನೇ ಭಾಗ ಹಾಕಬೇಕು ಎಂಬ ಲೆಕ್ಕ ಅದು. ಗಣಿತಜ್ಞ ಎಡ್ವರ್ಡ್ ಥಾರ್ಪ್ ಅದನ್ನು ಮೊದಲು ಜೂಜುಕಟ್ಟೆಯಲ್ಲೂ ಆಮೇಲೆ ಷೇರುಪೇಟೆಯಲ್ಲೂ ಬಳಸಿದರು. ಗೆದ್ದರೆ ಹಾಕಿದಷ್ಟೇ ಬರುತ್ತದೆ, ಸೋತರೆ ಹಾಕಿದ್ದೆಲ್ಲ ಹೋಗುತ್ತದೆ, ಗೆಲ್ಲುವ ಸಾಧ್ಯತೆ ಶೇ 51 ಎಂದಿಟ್ಟುಕೊಳ್ಳಿ. ಕೆಲ್ಲಿ ಸೂತ್ರದ ಉತ್ತರ: ಗಂಟಿನ ಶೇ 2. ಅಷ್ಟೇ. ಅದರ ಎರಡು ಪಟ್ಟು ಹಾಕಿದರೆ ಬೆಳವಣಿಗೆ ಹೆಚ್ಚುಕಡಿಮೆ ಸೊನ್ನೆಗೆ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ, ಪ್ರತಿ ಆಟದಲ್ಲೂ ಅನುಕೂಲ ನಮ್ಮ ಕಡೆಗೇ ಇದ್ದರೂ ಗಂಟು ಕ್ರಮೇಣ ಕರಗುತ್ತದೆ. ಸರಿಯಾದ ನಾಣ್ಯವನ್ನು ಆರಿಸಿದವನೂ ಅತಿಯಾಗಿ ಹಾಕಿ ದಿವಾಳಿಯಾಗಬಹುದು ಎಂಬುದಕ್ಕೆ ಇದು ಗಣಿತದ ಪುರಾವೆ. ನಿಜಜೀವನದಲ್ಲಿ ಗೆಲ್ಲುವ ಸಾಧ್ಯತೆ ಯಾರಿಗೂ ಖಚಿತವಾಗಿ ತಿಳಿದಿರುವುದಿಲ್ಲವಾದ್ದರಿಂದ ಅನುಭವಿಗಳು ಸೂತ್ರ ಹೇಳಿದ್ದರ ಅರ್ಧವನ್ನೋ ಕಾಲುಭಾಗವನ್ನೋ ಹಾಕುತ್ತಾರೆ.

ಈ ಸೂತ್ರವನ್ನು ಬಹಿರಂಗವಾಗಿ ಅಲ್ಲಗಳೆದ ಒಬ್ಬ ಕ್ರಿಪ್ಟೊ ಉದ್ಯಮಿ ಇದ್ದ. ಎಫ್‌ಟಿಎಕ್ಸ್ ಎಕ್ಸ್‌ಚೇಂಜಿನ (ಕ್ರಿಪ್ಟೊ ಕೊಂಡು ಮಾರುವ ವೇದಿಕೆ) ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ 2020ರ ಡಿಸೆಂಬರ್‌ನಲ್ಲಿ ಟ್ವಿಟರ್‌ನಲ್ಲಿ, ತನ್ನ ಮಟ್ಟಿಗೆ ಕೆಲ್ಲಿ ಸೂತ್ರ ಹೇಳುವುದಕ್ಕಿಂತ ಬಹಳ ದೊಡ್ಡ ಪಣ ಕಟ್ಟುವುದೇ ಸರಿ ಎಂದು ವಾದಿಸಿದ. 2022ರ ಮಾರ್ಚ್‌ನಲ್ಲಿ ಅರ್ಥಶಾಸ್ತ್ರಜ್ಞ ಟೈಲರ್ ಕೋವೆನ್ ನಡೆಸಿದ ಸಂದರ್ಶನದಲ್ಲಿ ಒಂದು ಕಾಲ್ಪನಿಕ ಆಟದ ಪ್ರಶ್ನೆ ಬಂತು: ಶೇ 51 ಸಾಧ್ಯತೆಯಲ್ಲಿ ಇನ್ನೊಂದು ಭೂಮಿ ಸಿಗುತ್ತದೆ, ಶೇ 49 ಸಾಧ್ಯತೆಯಲ್ಲಿ ಇರುವ ಭೂಮಿಯೂ ಹೋಗುತ್ತದೆ, ಆಡುತ್ತಲೇ ಇರುತ್ತೀರಾ? ಆಡುತ್ತೇನೆ ಎಂಬ ಧಾಟಿಯಲ್ಲೇ ಆತ ಉತ್ತರಿಸಿದ. ಕಾಗದದ ಮೇಲೆ ಪ್ರತಿ ಸುತ್ತಿನ ಸರಾಸರಿಯೂ ಲಾಭದಾಯಕವೇ. ಆದರೆ ಅಂಥ ಹತ್ತು ಸುತ್ತು ದಾಟಿ ಉಳಿಯುವ ಸಾಧ್ಯತೆ ಸುಮಾರು 840ರಲ್ಲಿ ಒಂದು. ಸಂದರ್ಶನದ ಎಂಟು ತಿಂಗಳ ನಂತರ, 2022ರ ನವೆಂಬರ್ 11ರಂದು ಎಫ್‌ಟಿಎಕ್ಸ್ ದಿವಾಳಿ ಅರ್ಜಿ ಸಲ್ಲಿಸಿತು. ಗ್ರಾಹಕರ ಸುಮಾರು 800 ಕೋಟಿ ಡಾಲರ್ ಲೆಕ್ಕಕ್ಕೆ ಸಿಗಲಿಲ್ಲ; ಅದು ಅವನದೇ ಇನ್ನೊಂದು ಸಂಸ್ಥೆ ಅಲಮೇಡಾದ ವಹಿವಾಟಿಗೆ ಹೋಗಿತ್ತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ಅವನಿಗೆ 25 ವರ್ಷ ಸೆರೆವಾಸ ವಿಧಿಸಿತು. ಅದು ವಂಚನೆಯ ಪ್ರಕರಣ, ಕೇವಲ ಲೆಕ್ಕ ತಪ್ಪಿದ್ದಲ್ಲ. ಆದರೂ ಪಣದ ಗಾತ್ರಕ್ಕೆ ಮಿತಿ ಬೇಡ ಎಂಬ ತತ್ವ ಒಬ್ಬ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಈ ಉದ್ಯಮದಲ್ಲಿ ಸಿಗುವುದಿಲ್ಲ.

ಎರಡನೆಯ ಪ್ರಶ್ನೆ ಯಾರ ಹಣ ಎಂಬುದು. ಲಿವರೇಜ್ ಅಂದರೆ ಎಕ್ಸ್‌ಚೇಂಜಿನ ಹಣದ ಬಲದಲ್ಲಿ ತನ್ನ ಹಣಕ್ಕಿಂತ ದೊಡ್ಡ ವ್ಯವಹಾರ ಮಾಡುವುದು. ಹತ್ತು ಪಟ್ಟು ಲಿವರೇಜ್ ಇದ್ದರೆ ಶೇ 10ರ ಇಳಿಕೆಗೆ ಅಸಲು ಮುಗಿಯುತ್ತದೆ, ನೂರು ಪಟ್ಟು ಇದ್ದರೆ ಶೇ 1ರ ಇಳಿಕೆ ಸಾಕು. ಬಿಟ್‌ಕಾಯಿನ್ ಶೇ 1 ಅಲುಗಾಡಲು ದೊಡ್ಡ ಸುದ್ದಿಯೇನೂ ಬೇಕಿಲ್ಲ. ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಅಷ್ಟು ಆಗಿರುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಯಾವಾಗ ಮಾರಬೇಕು ಎಂಬ ತೀರ್ಮಾನ ಸಾಲ ತೆಗೆದುಕೊಂಡವನ ಕೈಯಲ್ಲಿ ಇರುವುದಿಲ್ಲ. ಕಟ್ಟಿದ ಸ್ವಂತ ಹಣ, ಅಂದರೆ ಮಾರ್ಜಿನ್, ಸಾಲದಾದ ಕ್ಷಣಕ್ಕೆ ಯಂತ್ರವೇ ಮಾರುತ್ತದೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿದು ಪಕ್ಕದವನ ಮಾರ್ಜಿನ್ ಮುಗಿಯುತ್ತದೆ, ಅವನದನ್ನೂ ಯಂತ್ರ ಮಾರುತ್ತದೆ. ಅಕ್ಟೋಬರ್ 10ರ ಕುಸಿತ ಅಷ್ಟು ಆಳಕ್ಕೆ ಇಳಿದದ್ದು ಈ ಸರಪಳಿಯಿಂದ. ಸಾಲವಿಲ್ಲದವನಿಗೆ ಕಾಯುವ ಹಕ್ಕಿದೆ. ಲಿವರೇಜ್ ತೆಗೆದುಕೊಂಡವನು ಮೊದಲು ಮಾರಿಕೊಳ್ಳುವುದು ಆ ಹಕ್ಕನ್ನೇ.

ಇಷ್ಟಕ್ಕೆಲ್ಲ ಸ್ಟಾಪ್‌ಲಾಸ್ ಇದೆಯಲ್ಲ ಎನ್ನುವವರಿದ್ದಾರೆ. ಇಂಥ ಬೆಲೆಗೆ ಇಳಿದರೆ ಮಾರಿಬಿಡು ಎಂದು ಮೊದಲೇ ಕೊಟ್ಟಿಡುವ ಆದೇಶ ಅದು, ಶಿಸ್ತಿಗೆ ಒಳ್ಳೆಯದು. ಆದರೆ ಅದು ಬೆಲೆಯ ಖಾತರಿಯಲ್ಲ. 2017ರ ಜೂನ್ 21ರಂದು ಅಮೆರಿಕದ ಜಿಡಿಎಎಕ್ಸ್ ಎಕ್ಸ್‌ಚೇಂಜಿನಲ್ಲಿ ಯಾರೋ ಒಬ್ಬರು ಹಲವು ದಶಲಕ್ಷ ಡಾಲರಿನ ಈಥರ್ ಎಂಬ ನಾಣ್ಯವನ್ನು ಒಂದೇ ಏಟಿಗೆ ಮಾರಿದರು. ಬೆಲೆ 317 ಡಾಲರಿನಿಂದ 224ಕ್ಕೆ ಬಿತ್ತು. ಅದು ಸುಮಾರು 800 ಸ್ಟಾಪ್‌ಲಾಸ್ ಆದೇಶಗಳನ್ನೂ ಮಾರ್ಜಿನ್ ಮಾರಾಟಗಳನ್ನೂ ಎಬ್ಬಿಸಿತು. ಕೊಳ್ಳುವವರಿಲ್ಲದೆ ಬೆಲೆ ಕ್ಷಣಕಾಲ 10 ಸೆಂಟಿಗೆ ಇಳಿಯಿತು. 300 ಡಾಲರಿಗೆ ಮಾರಲು ಹೇಳಿಟ್ಟಿದ್ದವರದು ಸಿಕ್ಕ ಬೆಲೆಗೆ ಮಾರಾಟವಾಗಿಹೋಗಿತ್ತು. ಎಕ್ಸ್‌ಚೇಂಜ್ ಆ ಸಲ ತನ್ನ ಕೈಯಿಂದ ನಷ್ಟ ತುಂಬಿಕೊಟ್ಟಿತು, ಹಾಗೆ ತುಂಬಿಕೊಡಲೇಬೇಕೆಂಬ ಕಟ್ಟಳೆ ಇರಲಿಲ್ಲ.

ಭಾರತದ ಷೇರುಪೇಟೆಯನ್ನು ಬಲ್ಲವರಿಗೆ ಕುಸಿತಕ್ಕೆ ತಡೆಯೇ ಇಲ್ಲದ ಈ ಕೊರತೆ ಬೇಗ ಅರ್ಥವಾಗುತ್ತದೆ. ಇಲ್ಲಿ ಸೂಚ್ಯಂಕ ಶೇ 10, 15, 20 ಅಲುಗಿದರೆ ವಹಿವಾಟು ತಾನಾಗಿ ನಿಲ್ಲುತ್ತದೆ. ಕೋವಿಡ್ ದಿಗಿಲಿನ 2020ರ ಮಾರ್ಚ್ 13ರ ಬೆಳಿಗ್ಗೆ ಹಾಗೆ 45 ನಿಮಿಷ ನಿಂತಿತ್ತು. ಮತ್ತೆ ತೆರೆದಾಗ ಜನ ಉಸಿರು ತೆಗೆದುಕೊಂಡಿದ್ದರು, ಸೆನ್ಸೆಕ್ಸ್ ಆ ದಿನ ಏರಿಕೆಯಲ್ಲೇ ಮುಗಿಯಿತು. ಅದರ ಹಿಂದಿನ ದಿನ ಅದೇ ದಿಗಿಲಿಗೆ 7,900 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 5,000ಕ್ಕಿಂತ ಕೆಳಗೆ ಬಂದಿತ್ತು, ಮರುದಿನ ಒಂದು ಹಂತದಲ್ಲಿ 4,000ದ ಕೆಳಗೂ ಇಣುಕಿತು. ಅಲ್ಲಿ ನಿಲ್ಲಿಸುವ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ರಾತ್ರಿ, ಭಾನುವಾರ, ಹಬ್ಬ ಯಾವುದೂ ಇಲ್ಲದ ಪೇಟೆಯಲ್ಲಿ ಮನುಷ್ಯನಿಗೆ ಮಾತ್ರ ನಿದ್ದೆ ಇದೆ. ಹಾಗಾಗಿ ನಿದ್ದೆ ಮಾಡುತ್ತಿರುವಾಗಲೂ ಸಹಿಸಬಲ್ಲಷ್ಟು ಗಾತ್ರದ ಹೂಡಿಕೆಯೇ ಇಲ್ಲಿ ನಂಬಬಹುದಾದ ಸ್ಟಾಪ್‌ಲಾಸ್.

ಹತ್ತಾರು ನಾಣ್ಯಗಳಲ್ಲಿ ಹಂಚಿ ಹಾಕಿದರೆ ಅಪಾಯ ಹಂಚಿಹೋಗುತ್ತದೆ ಎಂಬುದು ಇನ್ನೊಂದು ಸಮಾಧಾನ. 2022ರಲ್ಲಿ ಬಿಟ್‌ಕಾಯಿನ್ ಸುಮಾರು ಶೇ 64 ಇಳಿದಾಗ ಈಥರ್ ಶೇ 67ರಷ್ಟು, ಸೊಲಾನಾ ಶೇ 94ರಷ್ಟು ಇಳಿದವು. ಏರುವಾಗ ಬೇರೆ ಬೇರೆ ದಾರಿ ಹಿಡಿಯುವ ನಾಣ್ಯಗಳು ಬೀಳುವಾಗ ಒಟ್ಟಿಗೇ ಬೀಳುತ್ತವೆ. ಡಾಲರಿಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ಗಳೂ ಪೂರ್ತಿ ಆಸರೆಯಲ್ಲ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಯುಎಸ್‌ಡಿಸಿ ನಾಣ್ಯದ ಮೀಸಲು ನಿಧಿಯಲ್ಲಿ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿದ್ದಿತ್ತು. ಡಾಲರಿಗೆ ಸಮನಿರಬೇಕಾದ ಅದು ಒಂದು ವಾರಾಂತ್ಯ 88 ಸೆಂಟಿಗೂ ಕೆಳಗೆ ಹೋಗಿ, ಠೇವಣಿಗಳನ್ನು ಉಳಿಸುತ್ತೇವೆಂದು ಸರ್ಕಾರ ಹೇಳಿದ ಮೇಲಷ್ಟೇ ಚೇತರಿಸಿಕೊಂಡಿತು. ನಿಜವಾದ ಹಂಚಿಕೆ ಕ್ರಿಪ್ಟೊ ಹೊರಗಿನದು: ಬ್ಯಾಂಕ್ ಠೇವಣಿ, ಭವಿಷ್ಯ ನಿಧಿ, ಚಿನ್ನ, ಷೇರು.

ಕೊಂಡದ್ದನ್ನು ಯಾರ ಕೈಯಲ್ಲಿ ಇಡುವುದು ಎಂಬ ಮೂರನೆಯ ಪ್ರಶ್ನೆಯನ್ನು ಜನ ಕೇಳಿಕೊಳ್ಳುವುದು ಸಾಮಾನ್ಯವಾಗಿ ತಡವಾಗಿ. ಆ್ಯಪಿನಲ್ಲಿ ಕಾಣುವ ಸಂಖ್ಯೆ ಎಕ್ಸ್‌ಚೇಂಜ್ ಗ್ರಾಹಕನಿಗೆ ಕೊಡಬೇಕಾದ ಬಾಕಿ ಮಾತ್ರ. ನಾಣ್ಯ ಇರುವುದು ಅದರ ಡಿಜಿಟಲ್ ತಿಜೋರಿಯಾದ ವಾಲೆಟ್‌ನಲ್ಲಿ. ಕೆನಡಾದ ಕ್ವಾಡ್ರಿಗಾಸಿಎಕ್ಸ್ ಎಕ್ಸ್‌ಚೇಂಜಿನ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಜೈಪುರಕ್ಕೆ ಬಂದಿದ್ದಾಗ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಾಲೆಟ್‌ಗಳ ಕೀಲಿ ಅವನೊಬ್ಬನಿಗೇ ಗೊತ್ತಿತ್ತು, ಅವನ ಜೊತೆ ಹೋಯಿತು ಎಂಬ ಸುದ್ದಿ ಮೊದಲು ಹಬ್ಬಿತು. 2020ರಲ್ಲಿ ಒಂಟಾರಿಯೊ ಷೇರು ನಿಯಂತ್ರಣ ಆಯೋಗ ತನಿಖೆ ಮುಗಿಸಿದಾಗ ತಿಳಿದ ಸತ್ಯ ಬೇರೆ: ಗ್ರಾಹಕರ ಹಣದಲ್ಲಿ ಅವನೇ ವಹಿವಾಟು ನಡೆಸಿ ಬಹುಪಾಲು ಕಳೆದಿದ್ದ. ಕೀಲಿ ಸಿಕ್ಕಿದ್ದರೂ ತೆರೆದು ನೋಡಲು ಒಳಗೆ ಹೆಚ್ಚೇನೂ ಇರಲಿಲ್ಲ. ಗ್ರಾಹಕರಿಗಾದ ನಷ್ಟ ಕನಿಷ್ಠ 16.9 ಕೋಟಿ ಕೆನಡಾ ಡಾಲರ್.

ಭಾರತದ್ದೇ ಉದಾಹರಣೆ ವಜೀರ್‌ಎಕ್ಸ್. 2024ರ ಜುಲೈ 18ರಂದು ಅದರ ಒಂದು ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್, ಅಂದರೆ ಹೆಚ್ಚುಕಡಿಮೆ 2,000 ಕೋಟಿ ರೂಪಾಯಿ ಮೌಲ್ಯದ ನಾಣ್ಯ ಕಳುವಾಯಿತು. ಹಲವರ ಸಹಿ ಸೇರದೆ ತೆರೆಯದ ವಾಲೆಟ್ ಅದು, ಆದರೂ ತೆರೆಯಿತು. ಎಕ್ಸ್‌ಚೇಂಜಿನಲ್ಲಿದ್ದ ಒಟ್ಟು ಆಸ್ತಿಯ ಸುಮಾರು ಶೇ 45 ಹೋಯಿತು. ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸವೆಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾಗಳು ಜಂಟಿಯಾಗಿ ಹೇಳಿದವು. ಬೆಲೆ ಏರುತ್ತದೆ ಎಂದು ಸರಿಯಾಗಿಯೇ ಊಹಿಸಿದ್ದ ಗ್ರಾಹಕರು, ಕಳುವಾಗದ ನಾಣ್ಯಗಳನ್ನು ಇಟ್ಟುಕೊಂಡಿದ್ದವರೂ ಸೇರಿ, ವಹಿವಾಟು ಮುಚ್ಚಿದ್ದರಿಂದ ಏರಿಕೆಯ ತಿಂಗಳುಗಳನ್ನು ಪರದೆಯಲ್ಲಿ ನೋಡುತ್ತ ಕೂತರು. ಸಿಂಗಪುರದ ನ್ಯಾಯಾಲಯದಲ್ಲಿ ಪುನರ್‌ರಚನೆಯ ಯೋಜನೆಗೆ ಒಪ್ಪಿಗೆ ಸಿಕ್ಕಿ ವಹಿವಾಟು ಮತ್ತೆ ತೆರೆದದ್ದು 2025ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳು ಮದ್ರಾಸ್ ಹೈಕೋರ್ಟ್, ಇದೇ ಎಕ್ಸ್‌ಚೇಂಜಿನ ಒಬ್ಬ ಗ್ರಾಹಕರ ಅರ್ಜಿಯಲ್ಲಿ, ಕ್ರಿಪ್ಟೊ ಕೂಡ ಆಸ್ತಿ ಎಂದು ಹೇಳಿ ರಕ್ಷಣೆ ಕೊಟ್ಟಿತು. ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಎಕ್ಸ್‌ಚೇಂಜ್ ಮುಳುಗಿದರೆ ಗ್ರಾಹಕರಿಗೆ ಹೈಕೋರ್ಟಿನ ಮೆಟ್ಟಿಲು.

ಹಾಗೆಂದು ಎಲ್ಲವನ್ನೂ ಸ್ವಂತ ವಾಲೆಟ್‌ಗೆ ತಂದುಕೊಂಡರೆ ಚಿಂತೆ ತಪ್ಪಿತೆಂದಲ್ಲ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ ಒಬ್ಬ ಎಂಜಿನಿಯರ್ 2013ರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ನ ಕೀಲಿಯಿದ್ದ ಹಾರ್ಡ್‌ಡಿಸ್ಕ್ ಕಸಕ್ಕೆ ಹೋಗಿಬಿಟ್ಟಿತೆಂದು ಕಸದ ಗುಡ್ಡ ಅಗೆಯಲು ವರ್ಷಗಟ್ಟಲೆ ಹೋರಾಡಿದ. 2025ರ ಜನವರಿಯಲ್ಲಿ ನ್ಯಾಯಾಲಯ ಅವನ ದಾವೆಯನ್ನು ವಜಾ ಮಾಡಿತು. ಮನೆಯವರಿಗೆ ತಿಳಿಯದ ಹಾಗೆ ಕೀಲಿ ಇಟ್ಟುಕೊಂಡವನು ತೀರಿಕೊಂಡರೆ ವಾರಸುದಾರರಿಗೂ ಅದೇ ಗತಿ. ಸಣ್ಣ ಮೊತ್ತವನ್ನು ಎಕ್ಸ್‌ಚೇಂಜಿನಲ್ಲೇ ಬಿಡುವುದು, ದೊಡ್ಡದನ್ನು ಸ್ವಂತ ಹಾರ್ಡ್‌ವೇರ್ ವಾಲೆಟ್‌ಗೆ ತರುವುದು, ಕೀಲಿಯ ಪದಗಳನ್ನು ಕಾಗದದಲ್ಲಿ ಎರಡು ಕಡೆ ಬರೆದಿಟ್ಟು ನಂಬಿಗಸ್ತರೊಬ್ಬರಿಗೆ ಜಾಗ ತಿಳಿಸಿರುವುದು ನಡೆಯಬಲ್ಲ ದಾರಿ.

ಭಾರತದ ವಹಿವಾಟುದಾರನಿಗೆ ಇನ್ನೊಂದು ಪ್ರಶ್ನೆ ಹೆಚ್ಚುವರಿಯಾಗಿದೆ: ತೆರಿಗೆ. ಇದನ್ನು ಅಪಾಯದ ಪಟ್ಟಿಗೆ ಸೇರಿಸುವವರು ಕಡಿಮೆ, ಆದರೆ ಬೆಲೆಯ ಏರಿಳಿತಕ್ಕಿಂತ ಖಚಿತವಾಗಿ ಕಡಿಯುವುದು ಇದೇ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಸೆಸ್ ಸೇರಿದರೆ ಶೇ 31.2. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಬಿಟ್‌ಕಾಯಿನ್‌ನಲ್ಲಿ ಒಂದು ಲಕ್ಷ ಗಳಿಸಿ ಈಥರ್‌ನಲ್ಲಿ ಒಂದು ಲಕ್ಷ ಕಳೆದುಕೊಂಡವನ ಕೈಗೆ ಬಂದದ್ದು ಏನೂ ಇಲ್ಲ, ಕಟ್ಟಬೇಕಾದ ತೆರಿಗೆ 31,200 ರೂಪಾಯಿ. ಲಾಭ, ನಷ್ಟ ಒಂದೇ ಗಾತ್ರದವು ಎಂದು ಹಿಡಿದರೆ, ನೂರರಲ್ಲಿ 50 ಸಲ ಗೆಲ್ಲುವವನು ನಷ್ಟ ಕಳೆಯಲು ಅವಕಾಶವಿರುವ ದೇಶಗಳಲ್ಲಿ ಸಮ ಮಾಡಿಕೊಳ್ಳಬಹುದು. ಇಲ್ಲಿ ಬರೀ ಅಸಲು ಉಳಿಸಿಕೊಳ್ಳಲು 59ಕ್ಕಿಂತ ಹೆಚ್ಚು ಸಲ ಗೆಲ್ಲಬೇಕು. ಕೆಲ್ಲಿ ಸೂತ್ರಕ್ಕೆ ಈ ತೆರಿಗೆಯನ್ನು ಸೇರಿಸಿ, ಶೇ 55 ಗೆಲುವಿನ ಜಾಣನಿಗೆ ಎಷ್ಟು ಹಾಕಬೇಕೆಂದು ಕೇಳಿದರೆ ಉತ್ತರ ಸೊನ್ನೆಗಿಂತ ಕೆಳಗೆ ಬರುತ್ತದೆ. ಆಡಲೇಬೇಡ ಎಂದರ್ಥ.

ಇದರ ಮೇಲೆ 2022ರ ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇ 1 ಟಿಡಿಎಸ್ ಇದೆ. ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ಸರಿಹೊಂದುತ್ತದೆ, ಹೆಚ್ಚಾಗಿದ್ದರೆ ಮರಳಿ ಬರುತ್ತದೆ ನಿಜ. ಅಲ್ಲಿಯತನಕ ಹಣ ಸರ್ಕಾರದ ಬಳಿ. ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಒಂದು ಲಕ್ಷವನ್ನು ನೂರು ಸಲ ಕೊಂಡು ಮಾರಿದವನ ಕೈಯಲ್ಲಿ ಉಳಿಯುವುದು 36,600 ರೂಪಾಯಿ. ದಿನಕ್ಕೆ ಹತ್ತು ಸಲ ಕೊಂಡು ಮಾರುವ ಪಾಠ ಹೇಳುವ ಯೂಟ್ಯೂಬ್ ಗುರುಗಳು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವುದಿಲ್ಲ.

ಈ ನಿಯಮಗಳ ಉದ್ದೇಶ ಸಟ್ಟಾ ತಡೆಯುವುದಾಗಿದ್ದರೆ ಪರಿಣಾಮ ವಿಚಿತ್ರವಾಗಿದೆ. ಷೇರಿನಲ್ಲಿ ನಷ್ಟವನ್ನು ಬೇಗ ಒಪ್ಪಿಕೊಂಡು ಮಾರಿದವನಿಗೆ ಆ ನಷ್ಟ ತೆರಿಗೆಯಲ್ಲಿ ಒಂದಿಷ್ಟು ನೆರವಾಗುತ್ತದೆ. ಕ್ರಿಪ್ಟೊದಲ್ಲಿ ಯಾವ ನೆರವೂ ಇಲ್ಲ, ಹಾಗಾಗಿ ಬೀಳುತ್ತಿರುವ ನಾಣ್ಯವನ್ನು ಎದ್ದೀತೆಂದು ಅಪ್ಪಿಕೊಂಡು ಕೂರುವ ಚಾಳಿಗೆ ಕಾನೂನೇ ನೀರೆರೆಯುತ್ತದೆ. ಹೂಡಿಕೆ ಅತಿಯಾಗಿ ಬೆಳೆದಾಗ ಸ್ವಲ್ಪ ಮಾರಿ ಗಾತ್ರ ತಗ್ಗಿಸಿಕೊಳ್ಳುವ ಎಚ್ಚರಿಕೆಯವನಿಗೆ ಪ್ರತಿ ಸಲವೂ ಟಿಡಿಎಸ್. ಇನ್ನೊಂದೆಡೆ ನಾಣ್ಯ ಕೈಬದಲಾಗದ ಫ್ಯೂಚರ್ಸ್ ಒಪ್ಪಂದಗಳಿಗೆ ಈ ಶೇ 1ರ ಕಡಿತವಿಲ್ಲ ಎಂದೇ ಹಲವು ವೇದಿಕೆಗಳು ಪ್ರಚಾರ ಮಾಡುತ್ತವೆ. ಫ್ಯೂಚರ್ಸ್ ಎಂದರೆ ಲಿವರೇಜ್. ನಷ್ಟ ಕತ್ತರಿಸಿಕೊಳ್ಳುವ, ಗಾತ್ರ ತಗ್ಗಿಸುವ ಒಳ್ಳೆಯ ಅಭ್ಯಾಸಗಳಿಗೆ ದಂಡ ಬೀಳುತ್ತಿದೆ, ಅತಿ ಅಪಾಯದ ಬಾಗಿಲಿಗೆ ಸುಂಕದ ಕಟ್ಟೆಯೇ ಇಲ್ಲ.

ನಿಯಮ ಬದಲಾಗುವುದೂ ಒಂದು ಅಪಾಯ. ಕರ್ನಾಟಕ ಅದನ್ನು ಹತ್ತಿರದಿಂದ ಕಂಡಿದೆ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡದಂತೆ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ತುಮಕೂರಿನಲ್ಲಿ ಬೇರುಬಿಟ್ಟು ಬೆಂಗಳೂರಿನಲ್ಲಿ ಬೆಳೆದ ಯುನೊಕಾಯಿನ್ ಎಂಬ ಕ್ರಿಪ್ಟೊ ಸಂಸ್ಥೆ ಬ್ಯಾಂಕಿಲ್ಲದ ದಾರಿ ಹುಡುಕಿ, ಆ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟಿತು. ಕೆಲವೇ ದಿನಗಳಲ್ಲಿ ಪೊಲೀಸರು ಯಂತ್ರ ವಶಪಡಿಸಿಕೊಂಡರು, ಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ನಡುವಿನ ಎರಡು ವರ್ಷಗಳಲ್ಲಿ ಕೊಳ್ಳಲೂ ಮಾರಲೂ ದಾರಿ ಕಾಣದೆ ಸಿಕ್ಕಿಕೊಂಡವರ ಪಾಲಿಗೆ ತೀರ್ಪು ಬಂದದ್ದು ತಡವಾಗಿ.

ಇಷ್ಟೆಲ್ಲ ಇದ್ದಮೇಲೆ ದೂರವಿರುವುದೇ ಸರಿಯಲ್ಲವೇ? ಹೆಚ್ಚಿನವರಿಗೆ ಹೌದು, ಅಂಕಿಅಂಶ ಅದನ್ನೇ ಹೇಳುತ್ತದೆ. ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಸಂಶೋಧಕರು 2015ರಿಂದ 2022ರವರೆಗೆ 95 ದೇಶಗಳ ಮಾಹಿತಿ ನೋಡಿ, ಕ್ರಿಪ್ಟೊ ಆ್ಯಪ್ ಹಾಕಿಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಬಿಟ್‌ಕಾಯಿನ್‌ನಲ್ಲಿ ಹಣ ಕಳೆದುಕೊಂಡಿರಬೇಕೆಂದು ಅಂದಾಜಿಸಿದರು. ಬೆಲೆ ಕುಸಿಯುವಾಗ ದೊಡ್ಡ ಹಿಡುವಳಿದಾರರು ಮಾರುತ್ತಿದ್ದರು, ಸಣ್ಣವರು ಕೊಳ್ಳುತ್ತಿದ್ದರು ಎಂಬುದನ್ನೂ ಕಂಡರು. ಇದು ಕ್ರಿಪ್ಟೊದ ರೋಗ ಮಾತ್ರವಲ್ಲ. ನಿಯಂತ್ರಣವಿರುವ ಭಾರತದ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲೇ ಮೂರು ವರ್ಷದಲ್ಲಿ ಶೇ 93ರಷ್ಟು ವ್ಯಕ್ತಿಗಳು ನಷ್ಟ ಮಾಡಿಕೊಂಡರೆಂದು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತೆಂದು 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೇಳಿದೆ. ಮೇಲಿಂದ ಮೇಲೆ ವ್ಯವಹಾರ ಮಾಡುವುದೇ, ಅದರಲ್ಲೂ ಸಾಲದ ಬಲದಲ್ಲಿ ಮಾಡುವುದೇ, ಎರಡೂ ಕಡೆ ಸಮಾನವಾಗಿರುವ ಕಾರಣ.

ದೂರವಿರಲು ಒಪ್ಪದವರಿಗೆ ಲೆಕ್ಕ ಹೀಗೆ ನಿಲ್ಲುತ್ತದೆ. ಹತ್ತು ಲಕ್ಷ ಉಳಿತಾಯವಿರುವ ಮನೆಯಲ್ಲಿ 20 ಸಾವಿರ ಬಿಟ್‌ಕಾಯಿನ್‌ಗೆ ಹೋದರೆ, ಅದು ಪೂರ್ತಿ ಮುಳುಗಿದರೂ ಹೋಗುವುದು ಶೇ 2. ಐದು ಪಟ್ಟಾದರೆ ತೆರಿಗೆ ಕಳೆದು ಸುಮಾರು 55 ಸಾವಿರ ಕೈಗೆ ಹೆಚ್ಚಾಗಿ ಬರುತ್ತದೆ. ಸಾಲವಿಲ್ಲ, ನಡುರಾತ್ರಿ ಆ್ಯಪ್ ನೋಡುವ ಅಗತ್ಯವಿಲ್ಲ, ವರ್ಷಕ್ಕೆ ಒಂದೆರಡು ವ್ಯವಹಾರವಾದ್ದರಿಂದ ಟಿಡಿಎಸ್ ಹೊರೆಯೂ ಅಲ್ಪ. ಇದನ್ನು ನೀರಸ ಎನ್ನುವವರಿಗೆ ಬೇಕಿರುವುದು ಹೂಡಿಕೆಯಲ್ಲ, ರೋಮಾಂಚನ; ಅದರ ಲೆಕ್ಕ ಬೇರೆ.

ಆದರೆ ಅಪಾಯ ನಿರ್ವಹಣೆಯ ಹೊರೆಯನ್ನೆಲ್ಲ ವ್ಯಕ್ತಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಗಾತ್ರವನ್ನು ವ್ಯಕ್ತಿ ಹಿಡಿತದಲ್ಲಿ ಇಟ್ಟುಕೊಳ್ಳಬಹುದು, ಎಕ್ಸ್‌ಚೇಂಜಿನ ತಿಜೋರಿಯನ್ನು ಅವನು ಕಾಯಲಾರ. ಜಪಾನ್ ಇದನ್ನು ಕಷ್ಟಪಟ್ಟು ಕಲಿತಿದೆ. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ 8.5 ಲಕ್ಷ ಬಿಟ್‌ಕಾಯಿನ್ ಕಳೆದುಕೊಂಡೆನೆಂದು ಹೇಳಿ ಮುಳುಗಿತು. 2018ರ ಜನವರಿಯಲ್ಲಿ ಕಾಯಿನ್‌ಚೆಕ್‌ನಿಂದ 50 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ನಾಣ್ಯ ಕಳುವಾಯಿತು. ನಂತರ ಬಂದ ನಿಯಮಗಳ ಪ್ರಕಾರ ಎಕ್ಸ್‌ಚೇಂಜುಗಳು ಗ್ರಾಹಕರ ಆಸ್ತಿಯನ್ನು ತಮ್ಮದರಿಂದ ಬೇರೆಯಾಗಿ ಇಡಬೇಕು, ಅದರ ಶೇ 95ನ್ನು ಇಂಟರ್ನೆಟ್ಟಿನ ಸಂಪರ್ಕವಿಲ್ಲದ ವಾಲೆಟ್‌ನಲ್ಲಿ ಇಡಬೇಕು. 2020ರ ಮೇ ತಿಂಗಳಿಂದ ವ್ಯಕ್ತಿಗಳಿಗೆ ಲಿವರೇಜ್ ಎರಡು ಪಟ್ಟಿಗೆ ಸೀಮಿತ.

2022ರಲ್ಲಿ ಎಫ್‌ಟಿಎಕ್ಸ್ ಮುಳುಗಿದಾಗ ಈ ನಿಯಮಗಳ ಪರೀಕ್ಷೆ ನಡೆಯಿತು. ಅದರ ಜಪಾನ್ ಶಾಖೆಯ ಗ್ರಾಹಕರ ಆಸ್ತಿ ಬೇರೆಯಾಗಿಯೇ ಇತ್ತು; 2023ರ ಫೆಬ್ರುವರಿಯಲ್ಲಿ ಅವರು ತಮ್ಮ ನಾಣ್ಯಗಳನ್ನು ಹಿಂತೆಗೆದುಕೊಳ್ಳಲು ಶುರುಮಾಡಿದರು. ಉಳಿದ ದೇಶಗಳ ಸಣ್ಣ ಗ್ರಾಹಕರಿಗೆ ಹಣ ಬರತೊಡಗಿದ್ದು ಇನ್ನೂ ಎರಡು ವರ್ಷ ಕಳೆದು, 2025ರ ಫೆಬ್ರುವರಿಯಲ್ಲಿ. ಅದೂ ನಾಣ್ಯದ ರೂಪದಲ್ಲಲ್ಲ, ಮುಳುಗಿದ ದಿನದ ಡಾಲರ್ ಬೆಲೆಯಲ್ಲಿ: ಒಂದು ಬಿಟ್‌ಕಾಯಿನ್‌ಗೆ ಸುಮಾರು 16,900 ಡಾಲರ್, ಬಡ್ಡಿ ಸೇರಿ 20 ಸಾವಿರ. ಪೇಟೆಯಲ್ಲಿ ಆಗ ಅದೇ ಬಿಟ್‌ಕಾಯಿನ್ 95 ಸಾವಿರದ ಆಸುಪಾಸಿನಲ್ಲಿತ್ತು. ಗ್ರಾಹಕರ ಆಸ್ತಿ ಬೇರೆ ಇಡುವುದು, ಲಿವರೇಜಿಗೆ ಮಿತಿ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶ ಎಂಬ ಮೂರು ಬದಲಾವಣೆಗಳಿಗೆ ಭಾರತ ಕ್ರಿಪ್ಟೊವನ್ನು ಕಾನೂನುಬದ್ಧ ಹಣವೆಂದು ಒಪ್ಪಬೇಕಾಗಿಲ್ಲ. ಶೇ 30 ತೆರಿಗೆ ವಸೂಲಿ ಮಾಡುತ್ತಿರುವ ಸರ್ಕಾರ ಆ ತೆರಿಗೆ ಕಟ್ಟುವವರ ಅಸಲಿಗೆ ಇಷ್ಟಾದರೂ ಕಾವಲು ಹಾಕುವ ಹೊಣೆ ಹೊರಬೇಕು.